ನೇಪಾಳಿ ಪಾಸ್‌ಪೋರ್ಟ್ ಫೋಟೋ: ಸ್ಟುಡಿಯೋಗಲ್ಲ, ಕೌಂಟರ್‌ಗೆ ರೆಡಿಯಾಗಿ

ನಿಮ್ಮ ಹೋಟೆಲಲ್ಲೋ ಅಪಾರ್ಟ್‌ಮೆಂಟಲ್ಲೋ ಕೆಲಸ ಮಾಡುವ ನೇಪಾಳದವರು ಪಾಸ್‌ಪೋರ್ಟ್ ಮಾಡಿಸಲು ಹೊರಟಿದ್ದರೆ ಇದನ್ನು ಹೇಳಿ: ಸ್ಟುಡಿಯೋ ಫೋಟೋಗೆ ದುಡ್ಡು ಸುರಿಯುವ ಬದಲು, ಪಾಸ್‌ಪೋರ್ಟ್ ಅರ್ಜಿ ಕೊಡುವ ಕೌಂಟರ್‌ಗೆ ಹೋಗುವ ದಿನ ಗಾಢ ಬಣ್ಣದ ಕಾಲರ್ ಶರ್ಟ್ ಹಾಕಿ, ಹಣೆ ಕಾಣುವ ಹಾಗೆ ತಲೆ ಬಾಚಿ, ಕನ್ನಡಕ ತೆಗೆದು ಕೂತರೆ ಸಾಕು. 2021ರ ನವೆಂಬರ್‌ನಲ್ಲಿ ನೇಪಾಳದಲ್ಲಿ ಇ-ಪಾಸ್‌ಪೋರ್ಟ್, ಅಂದರೆ ಚಿಪ್ ಇರುವ ಪಾಸ್‌ಪೋರ್ಟ್, ಶುರುವಾದ ಮೇಲೆ ಬೆರಳಚ್ಚಿನ ಜೊತೆಗೆ ಮುಖದ ಫೋಟೋವನ್ನೂ ಕೌಂಟರಲ್ಲೇ ತೆಗೆಯುತ್ತಾರೆ. ಹಿಂದಿನ ಪರದೆ ತಿಳಿ ಬಣ್ಣದ್ದು, ಹಾಗಾಗಿ ಬಿಳಿ ಶರ್ಟ್ ಹಾಕಿದರೆ ಭುಜ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗಲ್ಲ. ಕನ್ನಡಕದ ಗಾಜಿನ ಮೇಲೆ ಲೈಟು ಹೊಳೆದರೆ ಫೋಟೋದಲ್ಲಿ ಕಣ್ಣು ಕಾಣುವುದಿಲ್ಲ, ಚಿಪ್‌ನಲ್ಲಿರುವ ಮುಖವನ್ನು ಮುಂದೆ ಏರ್‌ಪೋರ್ಟಲ್ಲಿ ಮೆಷಿನ್ ಹೋಲಿಸಿ ನೋಡಬೇಕಲ್ವಾ. ಬಾಯಿ ಮುಚ್ಚಿರಲಿ, ನಗು ಬೇಡ. ದಶೈನ್ (ನೇಪಾಳದ ದಸರಾ) ಹಬ್ಬದ ಆಸುಪಾಸಿನಲ್ಲಿ ಹೋಗುವವರು ಮೊಸರು, ಅಕ್ಕಿ, ಕುಂಕುಮ ಕಲಸಿ ಹಣೆಗೆ ಹಚ್ಚಿದ ಟೀಕಾವನ್ನು (ತಿಲಕವನ್ನು) ಚೆನ್ನಾಗಿ ತೊಳೆದುಕೊಂಡು ಹೋಗಲಿ, ಅರ್ಧ ಹಣೆ ಅದರಲ್ಲೇ ಮುಚ್ಚಿರುತ್ತದೆ, ಒರೆಸಿದರೂ ಕೆಂಪು ಕಲೆ ಉಳಿಯುತ್ತದೆ. ಈ ಉಪಾಯ ಕೈಕೊಡುವುದು ಪುಟ್ಟ ಮಕ್ಕಳ ವಿಷಯದಲ್ಲಿ. ನಿದ್ದೆಗಣ್ಣಿನ ಕೂಸಿಗೆ ಶರ್ಟಿನ ಬಣ್ಣ ಏನು ಮಾಡೀತು! ಹಾಲು ಕುಡಿಸಿ, ನಿದ್ದೆ ಮುಗಿದ ಹೊತ್ತಿಗೆ ಸರಿಯಾಗಿ ಕರ್ಕೊಂಡು ಹೋಗಿ. ಇನ್ನು ಬೇರೆ ಯಾವುದಾದರೂ ಅರ್ಜಿಗೆ ಅಂಟಿಸುವ ಫೋಟೋ ಕೇಳಿದರೆ ಈ ಸಲಹೆ ಉಪಯೋಗಕ್ಕೆ ಬರಲ್ಲ, ಎರಡು ಪ್ರಿಂಟ್ ಜೇಬಲ್ಲಿರಲಿ.