ಡೋಂಗಲ್ ನನ್ನ ಕೈಗೆ ಬಂದ ಬಗೆ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಮನೆಯ ಹೆಂಗಸಿಗೆ ನಿದ್ದೆಯಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತಲೇ ಇರಬೇಕು. 2021ರ ಫೆಬ್ರವರಿಯಲ್ಲಿ ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದ ದಿನವೂ ನಮ್ಮ ಹುಳು ಅದೇ ಹಂತದಲ್ಲಿತ್ತು. ಹಾರ ಹಾಕಿಸಿಕೊಂಡು ಬಂದವಳು ಸೀರೆ ಬದಲಿಸಿ ಸೊಪ್ಪಿನ ಹೊರೆ ಬಿಚ್ಚಿದೆ. ಹೊರಗೆ ಜಗಲಿಯಲ್ಲಿ ಜನ ನಮ್ಮ ಯಜಮಾನರಿಗೆ ‘ಅಧ್ಯಕ್ಷರೇ’ ಎಂದು ಕೈಮುಗಿಯುತ್ತಿದ್ದರು.

ಅವರನ್ನೇ ದೂರಿ ಪ್ರಯೋಜನವಿಲ್ಲ. ನಾಮಪತ್ರ ಬರೆಸಿದ್ದು, ಮನೆಮನೆ ತಿರುಗಿದ್ದು ಅವರೇ. ನಾನೂ ಬೇಡವೆನ್ನಲಿಲ್ಲ. 1987ರ ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ನಾಲ್ಕರಲ್ಲೊಂದು ಸ್ಥಾನವಿತ್ತು, 1993ರ ಕಾಯ್ದೆ ಅದನ್ನು ಮೂರರಲ್ಲೊಂದು ಮಾಡಿತು, 2010ರಲ್ಲಿ ಅರ್ಧವಾಯಿತು ಎಂಬುದೆಲ್ಲ ನನಗೆ ಗೊತ್ತಾದದ್ದು ಗೆದ್ದ ಮೇಲೆ, ತರಬೇತಿಯಲ್ಲಿ. ಅಲ್ಲಿ ‘ಧೈರ್ಯವಾಗಿ ಮಾತನಾಡಿ’ ಎಂದು ಬಹಳ ಸಲ ಹೇಳಿದರು. ಅದರಿಂದ ನನಗೇನೂ ಆಗಲಿಲ್ಲ. ಕೆಲಸಕ್ಕೆ ಬಂದದ್ದು ಒಂದೇ ಒಂದು ಗಂಟೆಯ ಪಾಠ: ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು, ಈ ಮೂರನ್ನು ಪಕ್ಕಪಕ್ಕ ಇಟ್ಟು ಓದುವುದು ಹೇಗೆ ಎಂಬುದು.

ಪಂಚಾಯಿತಿಯ ಹಣ ಪಾವತಿಯಾಗಬೇಕಾದರೆ ಅಧ್ಯಕ್ಷರದು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರದು, ಎರಡು ಡಿಜಿಟಲ್ ಸಹಿ ಬೇಕು. ಸಹಿ ಇರುವುದು ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಡೋಂಗಲ್‌ನಲ್ಲಿ. ನನ್ನ ಡೋಂಗಲ್ ಐದು ತಿಂಗಳು ಕಚೇರಿಯ ಮೇಜಿನ ಡ್ರಾಯರ್‌ನಲ್ಲೇ ಇತ್ತು, ಪಾಸ್‌ವರ್ಡ್ ಬರೆದ ಚೀಟಿಯ ಸಮೇತ. ನಾನು ನಡವಳಿ ಪುಸ್ತಕದಲ್ಲಿ ತೋರಿಸಿದ ಕಡೆ ಸಹಿ ಮಾಡಿ, ಟೀ ಕುಡಿಯದೆ ಬರುತ್ತಿದ್ದೆ. ಟೀ ಏಕೆ ಕುಡಿಯುತ್ತಿರಲಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ.

ಒಂದು ಸಭೆಯಲ್ಲಿ ನಮ್ಮ ಬೀದಿಯ ಕೊಳವೆಬಾವಿಯ ಮೂರು ಬಿಲ್ಲು ಬಂದವು. ಒಂದೇ ತಿಂಗಳಲ್ಲಿ ಮೂರು ಸಲ ಮೋಟಾರು ಎತ್ತಿ ಇಳಿಸಿದ ಲೆಕ್ಕ. ನಮ್ಮ ಸೀಮೆಯಲ್ಲಿ ಸಾವಿರ ಅಡಿ ಆಳದಿಂದ ಪೈಪು ಎತ್ತುವುದೆಂದರೆ ಗಾಡಿ ಬರಬೇಕು, ಇಡೀ ಬೀದಿ ನಿಂತು ನೋಡುತ್ತದೆ. ಆ ತಿಂಗಳು ಗಾಡಿ ಬಂದದ್ದು ಒಂದೇ ಸಲ. ಕೊಡ ಹಿಡಿದು ಕಾದವಳು ನಾನು, ನನಗೆ ಗೊತ್ತಿಲ್ಲವೇ? ‘ನೀರುಗಂಟಿಯನ್ನು ಕರೆಯಿರಿ, ಕೇಳೋಣ’ ಎಂದೆ. ಗಂಟಲು ಒಣಗಿತ್ತು, ದನಿ ಕೀರಲಾಗಿ ಬಂತು. ‘ಇದೆಲ್ಲ ನಿಮಗೇಕೆ ಮೇಡಂ, ಯಜಮಾನರ ಹತ್ತಿರ ಮಾತಾಡುತ್ತೇವೆ’ ಎಂದರೊಬ್ಬ ಸದಸ್ಯರು. ನೀರುಗಂಟಿ ಬಂದು ‘ಒಂದೇ ಸಲ’ ಎಂದ. ಎರಡು ಬಿಲ್ಲು ಪಕ್ಕಕ್ಕೆ ಹೋದವು. ಆ ಸಂಜೆಯೇ ಡೋಂಗಲ್ ಕೇಳಿ ತೆಗೆದುಕೊಂಡೆ, ಮಗಳ ಕೈಯಲ್ಲಿ ಪಾಸ್‌ವರ್ಡ್ ಬದಲಿಸಿದೆ. ಓದದೆ ಹಾಕಿದ ಹಳೆಯ ಸಹಿಗಳ ಸಂಕಟ ಮಾತ್ರ ಇನ್ನೂ ಇದೆ.

ಮನೆಯ ಮಾತು ಇದಕ್ಕಿಂತ ಕಷ್ಟವಾಯಿತು. ‘ನೀವು ಒಳಗೆ ಬಂದರೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ಬೈಕಿನಲ್ಲಿ ಬಿಟ್ಟು ಹೋಗಿ’ ಎಂದು ಯಜಮಾನರಿಗೆ ಹೇಳಿದೆ. ಎರಡು ಸಭೆ ಮುಗಿಯುವವರೆಗೂ ಅವರು ಎದುರಿನ ಟೀ ಅಂಗಡಿಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದರು. ಮೂರನೆಯ ಸಲ ಗೂಡು ಮಾರಲು ಮಾರುಕಟ್ಟೆಗೆ ಹೋದರು. ಸಭೆಯ ನೋಟಿಸ್ ಜೊತೆಗೇ ವಿಷಯಪಟ್ಟಿ ಬೇಕೆಂದು ಹಟ ಹಿಡಿದೆ. ಹಿಂದಿನ ರಾತ್ರಿ ಮಗಳು ಓದುತ್ತಿದ್ದಳು, ನಾನು ಸೊಪ್ಪು ಹಾಕುತ್ತಾ ಕೇಳುತ್ತಿದ್ದೆ. ಅವಳ ನೋಟ್‌ಬುಕ್ಕಿನಲ್ಲಿ ಮೂರೇ ಪ್ರಶ್ನೆ ಬರೆದುಕೊಳ್ಳುತ್ತಿದ್ದೆ. ಹತ್ತು ಬರೆದುಕೊಂಡು ಹೋದ ದಿನ ಒಂದನ್ನೂ ಸರಿಯಾಗಿ ಕೇಳಲಾಗಿರಲಿಲ್ಲ.

ಮಹಿಳಾ ಗ್ರಾಮಸಭೆಯದು ಬೇರೆ ಕಥೆ. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಯಾರು ಬರುತ್ತಾರೆ? ಕೂಲಿ, ಹುಳು, ಹಸು. ಅಧಿಕಾರಿಗಳು ಗೊಣಗಿದರೂ ಸಂಜೆ ಹಾಲು ಹಾಕುವ ಹೊತ್ತಿಗೆ, ಡೈರಿಯ ಮುಂದೆಯೇ ಸಭೆ ಇಟ್ಟೆವು. ಹಾಲಿನ ಕ್ಯಾನು ಪಕ್ಕದಲ್ಲಿಟ್ಟುಕೊಂಡು ಹೆಂಗಸರು ಕುಳಿತರು. ಚರಂಡಿ, ಬೀದಿದೀಪ ಎಲ್ಲ ಆದ ಮೇಲೆ ಹಿಂದಿನಿಂದ ಒಬ್ಬ ಅಜ್ಜಿ ಕೇಳಿದಳು: ‘ಪಿಂಚಣಿ ಕಾಗದಕ್ಕೆಂದು ದಿನವಿಡೀ ಪಂಚಾಯಿತಿಯಲ್ಲಿ ಕಾಯುತ್ತೇವಲ್ಲ ತಾಯಿ, ಅಲ್ಲಿನ ಕಕ್ಕಸಿಗೆ ಬೀಗ ಏಕೆ?’

ನಾನು ತಲೆ ತಗ್ಗಿಸಿದೆ. ಕಚೇರಿಯಲ್ಲಿ ಟೀ ಮುಟ್ಟದಿದ್ದುದು ಇದೇ ಕಾರಣಕ್ಕೆ. ಬೀಗದ ಕೈ ಗಂಡಸರ ಬಳಿ ಇರುತ್ತಿತ್ತು, ಕೇಳಲು ನಾಚಿಕೆ. ಅಧ್ಯಕ್ಷೆಯಾಗಿಯೂ ಬಾಯಿ ಬಿಟ್ಟಿರಲಿಲ್ಲ. ಮರುದಿನ ಬೀಗ ತೆಗೆಸಿ, ಒಳಗೊಂದು ಚಿಲಕ ಹಾಕಿಸಿ, ನಲ್ಲಿ ಎಳೆಸಿದೆ.

ಎಲ್ಲವೂ ಕೈಗೂಡಲಿಲ್ಲ. ಮನೆ ಕಂದಾಯ ಪರಿಷ್ಕರಣೆಗೆ ಹೋಗಿ ಸದಸ್ಯರೆಲ್ಲರಿಂದ ಬೈಸಿಕೊಂಡು ಕೈಬಿಟ್ಟೆ.

ಮೂವತ್ತು ತಿಂಗಳಿಗೆ ನನ್ನ ಅವಧಿ ಮುಗಿಯಿತು. ಹೊಸ ಅಧ್ಯಕ್ಷೆ ಗಂಡನ ಜೊತೆ ಮನೆಗೆ ಬಂದಳು. ನಮ್ಮ ಯಜಮಾನರು ಅವಳ ಗಂಡನನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟರು. ನಾನು ಅವಳನ್ನು ಹುಳುವಿನ ಕೋಣೆಗೆ ಕರೆದುಕೊಂಡು ಹೋಗಿ, ‘ಡೋಂಗಲ್ ಎಲ್ಲಿದೆ?’ ಎಂದು ಕೇಳಿದೆ.