ನನ್ನ ಅನುಭವ: ಸಿಮೆಂಟ್ ನೆಲಕ್ಕೊಂದು ಸ್ಕ್ರೈಬ್

ಫಿಗರ್ ಸ್ಕೇಟಿಂಗ್ ಅಂದರೆ ಎಲ್ಲರ ಕಣ್ಣಿಗೂ ಐಸ್ ಬರುತ್ತದೆ. ಮೈಸೂರಿನಲ್ಲಿ ನಾನೂ ನನ್ನ ಮಗಳೂ ಮಾಡುವುದು ಸಿಮೆಂಟ್ ಅಂಗಳದಲ್ಲಿ, ನಾಲ್ಕು ಚಕ್ರದ ಸ್ಕೇಟ್ ಕಟ್ಟಿಕೊಂಡು. ಐಸ್ ಮೇಲೆ ಬ್ಲೇಡೇ ಗೆರೆ ಕೊರೆಯುತ್ತದೆ. ಸುತ್ತು ಎಲ್ಲಿ ಸೊಟ್ಟಗಾಯಿತು ಅಂತ ನಿಂತು ನೋಡಬಹುದು. ಸ್ಕ್ರೈಬ್ ಅನ್ನುವ ಉದ್ದನೆಯ ಕೈವಾರದಿಂದ ಅಳತೆ ಹಿಡಿಯುತ್ತಾರೆ. ಅಂತರರಾಷ್ಟ್ರೀಯ ಐಸ್ ಸ್ಪರ್ಧೆಗಳಿಂದ, ಹೀಗೆ ವೃತ್ತ ತಪ್ಪದಂತೆ ಸುತ್ತುವ ಕಡ್ಡಾಯ ಫಿಗರ್‌ಗಳು 1990ರ ನಂತರ ಹೋದವು. ರೋಲರ್‌ನವರು ಬಿಡಲಿಲ್ಲ. ಆದರೆ ಚಕ್ರ ಗುರುತು ಬಿಡುವುದಿಲ್ಲವಲ್ಲ, ಅದಕ್ಕೇ ನಮಗೆ ಗೆರೆ ಮೊದಲೇ ನೆಲದ ಮೇಲಿರಬೇಕು.

ಹಗ್ಗ ಕಟ್ಟಿ ಸುತ್ತು ಹೊಡೆಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಎಳೆತ ಹೆಚ್ಚುಕಡಿಮೆಯಾದರೆ ಹಗ್ಗ ಹಿಗ್ಗಿ ವೃತ್ತ ಕೋಳಿಮೊಟ್ಟೆಯಾಗುತ್ತದೆ. ನಾನು ಹಾರ್ಡ್‌ವೇರ್ ಅಂಗಡಿಯಿಂದ ಒಂದರೊಳಗೊಂದು ಸೇರುವ ಎರಡು ಅಲ್ಯುಮಿನಿಯಂ ಪೈಪ್ ತಂದೆ. ಎರಡು ಕಡೆ ತೂತು ಕೊರೆಸಿ ಬೋಲ್ಟ್ ಹಾಕಿದರೆ ಎರಡು ಅಳತೆ ಸಿಗುತ್ತದೆ: 5 ಮೀಟರ್ ವ್ಯಾಸದ ವೃತ್ತಕ್ಕೆ ಎರಡೂವರೆ ಮೀಟರ್, 2.40 ಮೀಟರ್‌ನ ಲೂಪ್ ಅನ್ನುವ ಚಿಕ್ಕ ವೃತ್ತಕ್ಕೆ 1.20. ತುದಿಗೆ ಸೀಮೆಸುಣ್ಣ ಬಿಗಿದೆ. ಅಳೆಯಬೇಕಾದದ್ದು ಪೈಪಿನ ಉದ್ದವನ್ನಲ್ಲ, ನಡುವಿನ ಮೊಳೆಯಿಂದ ಸೀಮೆಸುಣ್ಣದ ಮೊನೆಯವರೆಗೆ. ಸುಣ್ಣ ಸವೆದಂತೆ ಮತ್ತೆ ನೋಡಿಕೊಳ್ಳಿ.

ನೆಲಕ್ಕೆ ಮೊಳೆ ಹೊಡೆದರೆ ಬಡಾವಣೆಯವರು ಸುಮ್ಮನಿರುತ್ತಾರೆಯೇ? ಹಲಗೆಗೆ ಮೊಳೆ ಹೊಡೆದು, ಹಲಗೆಯ ಮೇಲೆ ಮಗಳನ್ನು ನಿಲ್ಲಿಸಿದೆ. ಗಾರೆಯವರ ಹಾಗೆ ದಾರಕ್ಕೆ ಬಣ್ಣದ ಪುಡಿ ಸವರಿ, ಬಿಗಿದು ಚಿಮ್ಮಿಸಿದರೆ ಉದ್ದದ ಅಕ್ಷ ನೆಲದಲ್ಲಿ ಮೂಡುತ್ತದೆ. ಅದರ ಮೇಲೆ 5 ಮೀಟರ್ ದೂರಕ್ಕೆ ಎರಡು ಕೇಂದ್ರ ಗುರುತಿಸಿ ಸುತ್ತು ಎಳೆದರೆ ವೃತ್ತಗಳು ಒಂದೇ ಬಿಂದುವಿನಲ್ಲಿ ಮುಟ್ಟುತ್ತವೆ. ಎಂಟರ ಆಕಾರದ ಫಿಗರ್ ಶುರುವಾಗುವುದೂ, ಕಾಲು ಬದಲಾಗುವುದೂ ಅಲ್ಲೇ. ಅಲ್ಲಿ ಒಂದು ಬೆರಳಷ್ಟು ಸಂದು ಬಿಟ್ಟರೂ ಮುಂದಿನ ಸುತ್ತು ಹಾಳು. ಮೂರು ವೃತ್ತದ ಸರ್ಪೆಂಟೈನ್ ಬೇಕಿದ್ದರೆ ಅದೇ ದಾರವನ್ನು ಮುಂದುವರಿಸಿದರಾಯಿತು.

ಗೆರೆ ಇದ್ದ ಮಾತ್ರಕ್ಕೆ ಕಾಲು ಅದರ ಮೇಲಿತ್ತೋ ಇಲ್ಲವೋ ಹೇಗೆ ಗೊತ್ತಾಗಬೇಕು? ಒದ್ದೆ ಬಟ್ಟೆಯಿಂದ ಚಕ್ರ ಒರೆಸಿಕೊಂಡು ಹೋಗಿ. ಬೆಳಗಿನ ಬಿಸಿಲಲ್ಲಿ ಆ ತೇವದ ಪಟ್ಟೆ ಆರುವ ಮುಂಚೆ ತಿರುಗಿ ನೋಡಬೇಕು. ಮಗಳ ಪಟ್ಟೆ ತ್ರೀ ಟರ್ನ್ (ಒಂದೇ ಕಾಲಿನ ಮೇಲೆ ಹಿಂದುಮುಂದಾಗಿ ತಿರುಗುವುದು) ಆದಮೇಲೆ ಸದಾ ವೃತ್ತದ ಒಳಗೆ ಎಳೆಯುತ್ತಿತ್ತು. "ಗೆರೆಯೇ ಸೊಟ್ಟ ಇದೆ ಕಣಪ್ಪ" ಅಂದಳು. ಪೈಪ್ ಇಟ್ಟು ತೋರಿಸಿದೆ. ಗೆರೆ ಸರಿಯಾಗಿತ್ತು; ತಿರುಗಿದ ಮೇಲೆ ಅವಳು ಭುಜವನ್ನು ತಡೆಹಿಡಿಯುತ್ತಿರಲಿಲ್ಲ. ಈಗ ನಾವು ತಿದ್ದುತ್ತಿರುವುದು ಅದನ್ನೇ, ಮೊದಲು ಬಲಗಾಲಿನಲ್ಲಿ.