ತ್ಸಿತ್ಸಿತ್ ಕುಚ್ಚಿನ ಹುರಿ ಬಿಚ್ಚಿಕೊಳ್ಳುತ್ತಿತ್ತು

ಯಹೂದಿ ಪ್ರಾರ್ಥನೆಯಲ್ಲಿ ಹೊದೆಯುವ ನನ್ನ ತಲ್ಲಿತ್ ಶಾಲಿನ ನಾಲ್ಕು ಮೂಲೆಯ ತ್ಸಿತ್ಸಿತ್ ಕುಚ್ಚನ್ನು ಈ ಸಲ ನಾನೇ ಮಾಡಬೇಕು ಅಂತ ಹಟ ಹಿಡಿದಿದ್ದೆ. ಕುರಿ ಉಣ್ಣೆ, ತಕಲಿ, ಬೇಕಾದಷ್ಟು ಹುಮ್ಮಸ್ಸು. ಮೂಲೆಗೆ 4 ಎಳೆ, ಮಡಚಿದರೆ 8. ಕಟ್ಟಿ ಎರಡೇ ದಿನಕ್ಕೆ ತುದಿಗಳೆಲ್ಲ ಬಿಚ್ಚಿಕೊಂಡು ಹತ್ತಿಯ ಹಾಗೆ ಉಬ್ಬಿದವು.

ಉಣ್ಣೆಯೇ ಸರಿಯಿಲ್ಲ ಅಂದುಕೊಂಡೆ. ತಪ್ಪು ನನ್ನದೇ. ನೂಲುವಾಗ ತಕಲಿಯನ್ನು ಬಲಕ್ಕೆ ತಿರುಗಿಸಿದ್ದೆ, ಎರಡೆಳೆ ಸೇರಿಸಿ ಹುರಿ ಮಾಡುವಾಗಲೂ ಬಲಕ್ಕೇ! ಎದುರು ದಿಕ್ಕಿಗೆ ತಿರುಗಿಸಿದರೆ ತಾನೇ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುವುದು?

ಮತ್ತೆ ಶುರು. ತ್ಸಿತ್ಸಿತ್‌ಗಾಗಿಯೇ ಅಂತ ಮನಸ್ಸಿಟ್ಟು ನೂಲಬೇಕು, ಸುಮ್ನೆ ನೂತಿದ್ದು ನಡೆಯುವುದಿಲ್ಲ. ನಾನಂತೂ ಪ್ರತಿ ಸಲ ಬಾಯಿಬಿಟ್ಟೇ ಹೇಳಿಕೊಂಡೆ. ಈ ಬಾರಿ ಹುರಿ ಎಡಕ್ಕೆ. ಬಿಸಿನೀರಲ್ಲಿ ನೆನೆಸಿ, ತುದಿಗೆ ಚಮಚ ಕಟ್ಟಿ ನೇತುಹಾಕಿ ಒಣಗಿಸಿದೆ. ಹುರಿ ಕೂತುಬಿಟ್ಟಿತು.

ಕುಚ್ಚಿನಲ್ಲಿ ಸೇರುವ ನೀಲಿ ಎಳೆಗೆ ಮ್ಯೂರೆಕ್ಸ್ ಎಂಬ ಸಮುದ್ರದ ಬಸವನಹುಳುವಿನ ಬಣ್ಣ. ಗಿಡದ ನೀಲಿ ನೋಡಲು ಹಾಗೇ ಇದ್ದರೂ ಯಹೂದಿ ಧರ್ಮಗ್ರಂಥವಾದ ಟಾಲ್ಮುಡ್ ಅದನ್ನು ಒಪ್ಪುವುದಿಲ್ಲ. ಮೊದಲು ಬಣ್ಣ ಮಚ್ಚೆ ಮಚ್ಚೆಯಾಗಿ ಹತ್ತಿತ್ತು. ಉಣ್ಣೆಯ ಜಿಡ್ಡು ಹೋಗಿರಲಿಲ್ಲ, ಅಷ್ಟೇ. ಸೋಪಿನ ಬಿಸಿನೀರಲ್ಲಿ ಉಜ್ಜದೆ ನೆನೆಸಿದೆ. ಬಣ್ಣದ ದ್ರಾವಣವನ್ನು ಬಿಸಿಲಿಗೂ ಇಟ್ಟೆ, ಇಲ್ಲದಿದ್ದರೆ ನೇರಳೆ ಜಾಸ್ತಿ ಉಳಿಯುತ್ತದೆ.

ಆಮೇಲೆ 5 ಜೋಡಿ ಗಂಟು, ನಡುವೆ 7, 8, 11, 13 ಸುತ್ತು. ತುದಿಗೊಂದು ಪುಟ್ಟ ಗಂಟು. ತಿಂಗಳಾಯಿತು, ಬಿಚ್ಚಿಲ್ಲ.